ಹಳದಿ ಟೋಪಿ ಬೇಡವೆಂದ ಸಾಹುಕಾರ

ಇವತ್ತು ಕುಳಿತೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ. ಇಪ್ಪತ್ತೆರಡು ದಿನ ನಿಂತು ಮಾತಾಡಿದ್ದಾಯಿತು. ಗಂಟಲು ಕಟ್ಟಿದೆ, ಮೊಣಕಾಲು ನನ್ನ ಮಾತು ಕೇಳುತ್ತಿಲ್ಲ. ಶ್ರಾವಣ ಮುಗಿಯಲು ಇನ್ನೂ ಒಂದು ವಾರ ಉಳಿದಿದೆ. ನಿಮಗೂ ಸಾಕಾಗಿದೆ, ನನಗೆ ಕಾಣುತ್ತದೆ. ಆ ಕಂಬಕ್ಕೆ ಒರಗಿ ಕುಳಿತ ಹಿರಿಯರು ಮೊದಲ ದಿನ ನೆಟ್ಟಗೆ ಕುಳಿತಿದ್ದರು. ನಗಬೇಡಿ, ಆ ಕಂಬದ ಮೇಲೆ ನನಗೂ ಕಣ್ಣಿದೆ.

ಸಂಜೆ ಈ ವೇದಿಕೆಯ ನಾಲ್ಕು ಮೆಟ್ಟಿಲು ಹತ್ತುವಾಗ ನಿಮ್ಮಲ್ಲೇ ಒಬ್ಬರು ಕೇಳಿದರು, "ಅಜ್ಜಾರ, ಆರಾಮ ಅದೀರೇನ್ರಿ?" ನಾನು ಏನೆಂದೆ? "ಆರಾಮ" ಎಂದೆ. ಅವರು ಕೈ ಚಾಚಿದ್ದರು. ನಾನು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಹತ್ತಿದೆ. ಈ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳಿ, ತಾಯಂದಿರೇ. ಕೊನೆಗೆ ಬಿಚ್ಚೋಣ. ಈಗ ಒಂದು ದೃಷ್ಟಾಂತ ಕೇಳಿ.

ಒಬ್ಬ ಸಾಹುಕಾರ. ಅರಸರ ಕಾಲದವನಲ್ಲ, ನಮ್ಮ ಕಾಲದವನೇ. ಶೇಂಗಾ ಎಣ್ಣೆಯ ಗಿರಣಿ, ಎರಡು ಮಹಡಿಯ ಮನೆ, ಅವನು ಬಾಯಿ ತೆರೆಯುವ ಮೊದಲೇ "ಹೌದ್ರೀ" ಎನ್ನುವ ಹತ್ತು ಜನ. ಹೆಸರು ಕೇಳಬೇಡಿ. ಈ ಕಥೆಯನ್ನು ನನಗೆ ಹೇಳಿದವನು ಅವನೇ. ಮಠಕ್ಕೆ ಬಂದು, ಒಂದು ಮಧ್ಯಾಹ್ನ ಪೂರ್ತಿ ಕುಳಿತು ಹೇಳಿ, "ಪ್ರವಚನದಾಗ ಹೇಳ್ರಿ ಅಜ್ಜಾರ, ಹೆಸರೊಂದು ಬ್ಯಾಡ" ಎಂದು ಎದ್ದು ಹೋದ. ಅರ್ಧ ಅವನು ಹೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ಕಂಡದ್ದು.

ಐವತ್ತು ದಾಟಿದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು, "ಸಾವ್ಕಾರ್ರ, ದಿನಾ ಸ್ವಲ್ಪ ಮೈ ದಣಸ್ರಿ" ಎಂದರು. ಅಷ್ಟೇ ಅಂದದ್ದು. ನೀವು ನಾವಾಗಿದ್ದರೆ ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕುತ್ತಿದ್ದೆವು. ಸಾಹುಕಾರನಿಗೆ ನಾಲ್ಕು ಹೆಜ್ಜೆ ಸಾಲುತ್ತದೆಯೇ? ಅವನಿಗೆ ಒಂದು ಪಂದ್ಯ ಬೇಕು, ಕೊರಳಿಗೊಂದು ಪದಕ ಬೇಕು, ಆ ಪದಕದ ಫೋಟೋ ಗಿರಣಿಯ ಗೋಡೆಯ ಮೇಲೆ ಬೇಕು. ಯಾರೋ ಟ್ರಯಥ್ಲಾನ್ ಎಂಬ ಪಂದ್ಯದ ಬಗ್ಗೆ ಕಿವಿಗೆ ಹಾಕಿದರು. ಹೆಸರಿಗೆ ಹೆದರಬೇಡಿ, ನಾನೂ ಮೂರು ದಿನ ಬಾಯಿಪಾಠ ಮಾಡಿದ್ದೇನೆ. ಮೊದಲು ಈಜಬೇಕು. ನೀರಿನಿಂದ ಎದ್ದು ಒದ್ದೆ ಮೈಯಲ್ಲೇ ಸೈಕಲ್ ತುಳಿಯಬೇಕು. ಸೈಕಲ್ ಇಳಿದು ಓಡಬೇಕು. ಅದರಲ್ಲೇ ಚಿಕ್ಕದೊಂದಿದೆ, ಸ್ಪ್ರಿಂಟ್ ಎನ್ನುತ್ತಾರೆ. ಏಳುನೂರ ಐವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ಚಿಕ್ಕದೇ ಇಷ್ಟಿದ್ದರೆ ದೊಡ್ಡದು ಎಷ್ಟಿರಬಹುದು ಎಂದು ನಾನು ಕೇಳಲಿಲ್ಲ, ಕೇಳಿದರೇ ದಣಿವಾಗುತ್ತಿತ್ತು.

ಸೈಕಲ್ ಅವನಿಗೆ ಬರುತ್ತಿತ್ತು. ಓಟವನ್ನು ಹೇಗೋ ಎಳೆದಾಡಿ ಮುಗಿಸುತ್ತಿದ್ದ. ಈಜು ಮಾತ್ರ ಬರುತ್ತಿರಲಿಲ್ಲ. ನಮ್ಮ ಕಡೆ ಈಜು ಕಲಿಸುವ ಬಗೆ ನಿಮಗೆ ಗೊತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ಬಾವಿಗೆ ನೂಕುತ್ತಾನೆ. ಕೈಕಾಲು ಬಡಿದು ಮೇಲೆ ಬಂದರೆ ಕಲಿತ ಹಾಗೆ, ಬರದಿದ್ದರೆ ಮಾವನೇ ಜಿಗಿಯುತ್ತಾನೆ. ಸಾಹುಕಾರ ಈ ವಯಸ್ಸಿನಲ್ಲಿ ಬುರುಡೆ ಕಟ್ಟಿಕೊಂಡಾನೆಯೇ? ಗಿರಣಿಯ ಹಿಂದೆ ಸ್ವಂತಕ್ಕೊಂದು ಈಜುಕೊಳ ಕಟ್ಟಿಸಿದ. ಹದಿನೈದು ಮೀಟರ್ ಉದ್ದ, ಸುತ್ತಲೂ ನೀಲಿ ಟೈಲ್ಸು, ತಳದಲ್ಲಿ ನೆಟ್ಟಗೆ ಒಂದು ಕಪ್ಪು ಗೆರೆ. ಆ ಗೆರೆ ನೋಡಿಕೊಂಡು ಈಜಿದರೆ ದಾರಿ ತಪ್ಪುವುದಿಲ್ಲ. ಕಲಿಸಲು ಪಟ್ಟಣದಿಂದ ಒಬ್ಬ ಮಾಸ್ತರ ಬಂದ. ಆರು ತಿಂಗಳಲ್ಲಿ ಸಾಹುಕಾರ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಐವತ್ತು ಸಲ ಈಜತೊಡಗಿದ. ಗುಣಿಸಿ ನೋಡಿ, ಸರಿಯಾಗಿ ಏಳುನೂರ ಐವತ್ತು ಮೀಟರ್ ಆಗುತ್ತದೆ.

ಆದರೆ ಒಂದು ಮಾತಿದೆ. ಪ್ರತಿ ಸಲ ಗೋಡೆ ಬಂದಾಗ ಅವನು ಗೋಡೆ ಹಿಡಿಯುತ್ತಿದ್ದ. ಹಿಡಿದು ಒಂದು ಉಸಿರು ತೆಗೆದುಕೊಂಡು, ಗೋಡೆಯನ್ನೇ ಕಾಲಿನಿಂದ ಒದ್ದು ಹಿಂದಕ್ಕೆ ತಿರುಗುತ್ತಿದ್ದ. ಐವತ್ತು ಸಲ ಈಜಿದ್ದನ್ನು ಎಣಿಸಿದ. ಐವತ್ತು ಸಲ ಗೋಡೆ ಹಿಡಿದದ್ದನ್ನು ಎಣಿಸಿದನೇ? ಇಲ್ಲ. ಯಾರು ಎಣಿಸುತ್ತಾರೆ ಹೇಳಿ. ಮನೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದವರನ್ನು ನಾವು ಎಣಿಸಿದ್ದೇವೆಯೇ?

ಪಂದ್ಯ ನಡೆದದ್ದು ನಮ್ಮ ಮಠದ ಕೆಳಗಿರುವ ಹಿನ್ನೀರಿನಲ್ಲಿ. ದೀಪಾವಳಿ ಕಳೆದ ಮೇಲೆ ಅಲ್ಲಿ ನೀರು ದಡದ ತನಕ ತುಂಬಿರುತ್ತದೆ. ಸೈಕಲ್ ನಿಲ್ಲಿಸಲು ಮಠದ ಹೊಲ ಕೊಟ್ಟಿದ್ದೆವು, ಬಂದವರಿಗೆ ಉಪ್ಪಿಟ್ಟು, ಶಿರಾ ಮಾಡಿಸಿದ್ದೆವು. ನನ್ನ ಕೈಗೂ ಒಂದು ಬಾವುಟ ಕೊಟ್ಟು ಬೀಸಲು ಹೇಳಿದರು. ನೀರಿನಲ್ಲಿ ಕಿತ್ತಳೆ ಬಣ್ಣದ ಎರಡು ದೊಡ್ಡ ಬಲೂನು ತೇಲಿಬಿಟ್ಟಿದ್ದರು. ಅವುಗಳನ್ನು ಸುತ್ತಿ ದಡಕ್ಕೆ ಮರಳಬೇಕು. ಕಾವಲಿಗೆ ನಮ್ಮೂರ ಅಂಬಿಗರ ಹರಿಗೋಲುಗಳಿದ್ದವು, ಬಿದಿರಿನ ದುಂಡು ಬುಟ್ಟಿಗೆ ಟಾರು ಬಳಿದ ಅದೇ ಹಳೆಯ ಹರಿಗೋಲು. ಅವುಗಳಲ್ಲಿ ಒಂದು ಹುಲಿಗೆಪ್ಪನದು. ನೋಡಿ, ಸಾಹುಕಾರನ ಹೆಸರು ಹೇಳುವುದಿಲ್ಲ ಎಂದೆ. ಅಂಬಿಗರ ಹುಲಿಗೆಪ್ಪನ ಹೆಸರನ್ನು ಮಾತ್ರ ಬೇಕೆಂದೇ ಹೇಳುತ್ತೇನೆ.

ಮೊದಲನೆಯ ವರ್ಷ ಏನಾಯಿತು? ಸಾಹುಕಾರ ನೀರಿಗಿಳಿದ. ಮುಖ ಒಳಗಿಟ್ಟ. ಗೆರೆ ಇಲ್ಲ. ತಳ ಇಲ್ಲ. ಮಣ್ಣು ಬೆರೆತ ಹಸಿರು ನೀರು, ಚಾಚಿದ ಕೈ ತನಗೇ ಕಾಣದು. ಹದಿನೈದು ಮೀಟರ್ ಹೋದ, ಅಭ್ಯಾಸಬಲದಿಂದ ಕೈ ಗೋಡೆಯನ್ನು ಹುಡುಕಿತು. ಗೋಡೆ ಎಲ್ಲಿಂದ ಬರಬೇಕು? ಎದೆ ಬಿಗಿಯಿತು, ನೀರು ಕುಡಿದ, ನೂರು ಮೀಟರ್ ಮುಟ್ಟುವುದರೊಳಗೆ ಒದ್ದಾಡತೊಡಗಿದ. ಹುಲಿಗೆಪ್ಪ ಕಂಕುಳಿಗೆ ಕೈ ಹಾಕಿ ಎತ್ತಿ ಹರಿಗೋಲಿನಲ್ಲಿ ಕೂರಿಸಿಕೊಂಡು ದಡಕ್ಕೆ ತಂದ. ಹರಿಗೋಲಿನಲ್ಲಿ ಕುಳಿತು ದಡ ಸೇರಿದವನಿಗೆ ಪಂದ್ಯ ಅಲ್ಲಿಗೇ ಮುಗಿಯಿತು. ಮನೆಗೆ ಹೋಗಿ ಹೆಂಡತಿಗೆ, "ಸೈಕಲ್ ಪಂಕ್ಚರ್ ಆತು" ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇದಕ್ಕೇ.

ಮುಂದಿನ ವರ್ಷಕ್ಕೆ ತಯಾರಿ ಜೋರಾಯಿತು. ಐವತ್ತು ಸಲ ನೂರಾಯಿತು. ಎಲ್ಲಿ? ಅದೇ ಹದಿನೈದು ಮೀಟರಿನಲ್ಲಿ. ಒಂದು ದಿನ ಎಮ್ಮೆಗೆ ಹಿಂಡಿ ಒಯ್ಯಲು ಹುಲಿಗೆಪ್ಪ ಗಿರಣಿಗೆ ಬಂದವನು ಸಾಹುಕಾರನ ಗುರುತು ಹಿಡಿದ. ಪಾಪ, ಒಳ್ಳೆಯ ಮಾತನ್ನೇ ಆಡಿದ. "ಸಾವ್ಕಾರ್ರ, ಒಂದ್ ನಾಕು ದಿನ ಹಿನ್ನೀರಿಗೆ ಬರ್ರೆಲಾ. ನನ್ನ ಹರಿಗೋಲು ಬಾಜೂಕ ಇರತೈತಿ, ಅಂಜಿಕಿ ಬ್ಯಾಡ. ಅಲ್ಲಿ ಗ್ವಾಡಿ ಇಲ್ರಿ, ಅದನ್ನ ರೂಢಿ ಮಾಡ್ಕೋಬೇಕು" ಎಂದ. ಸುತ್ತ ಹಮಾಲರು ನಿಂತಿದ್ದರು, ಗುಮಾಸ್ತ ಕಿವಿ ನಿಮಿರಿಸಿದ್ದ. ಸಾಹುಕಾರ, "ಯಾರಿಗೆ ಹೇಳಾಕತ್ತಿಯೋ? ನನಗ ಈಸಾಕ ಬರತೈತಿ. ನೀ ಹಿಂಡಿ ತಗೊಂಡ್ ನಡಿ" ಎಂದ. ಹುಲಿಗೆಪ್ಪ ಹಿಂಡಿಯ ಚೀಲ ಹೆಗಲಿಗೇರಿಸಿಕೊಂಡು ಹೋದ. ನನಗೆ ಇದನ್ನು ಹೇಳುವಾಗ ಸಾಹುಕಾರ ನೆಲ ನೋಡುತ್ತಿದ್ದ.

ಎರಡನೆಯ ವರ್ಷ ಬಂತು. ಆ ಬೆಳಿಗ್ಗೆ ದಡದಲ್ಲಿ ಒಂದು ಮೇಜು, ಅದರ ಮೇಲೆ ಎರಡು ಬಣ್ಣದ ರಬ್ಬರ್ ಟೋಪಿಗಳು. ಈಜು ಚೆನ್ನಾಗಿ ಬರುವವರಿಗೆ ನೀಲಿ. ಹೊಸಬರಿಗೆ, ಭಯವಿದ್ದವರಿಗೆ, ದಣಿವಾದೀತು ಎನ್ನುವವರಿಗೆ ಹಳದಿ. ಹಳದಿ ತಲೆಗಳ ಮೇಲೆ ಅಂಬಿಗರು ಹೆಚ್ಚು ಕಣ್ಣಿಡುತ್ತಾರೆ. ಯಾರೂ ಪರೀಕ್ಷೆ ಮಾಡುವುದಿಲ್ಲ, ನಿಮಗೆ ಯಾವುದು ಬೇಕೋ ನೀವೇ ಕೇಳಿ ತೆಗೆದುಕೊಳ್ಳಬೇಕು. ಅಲ್ಲಿದ್ದ ಹುಡುಗಿ ಸಾಹುಕಾರನ ವಯಸ್ಸು ನೋಡಿ, "ಸರ್, ಹಳದಿ ಕೊಡ್ಲ್ಯಾ?" ಎಂದು ಮೆಲ್ಲಗೆ ಕೇಳಿದಳು. "ಹಳದಿ? ನನಗ? ಹೊಸಬರಿಗೆ ಕೊಡವ್ವ" ಎಂದು ನೀಲಿ ಎತ್ತಿಕೊಂಡ.

ಅವನ ಹಿಂದೆ ಒಬ್ಬ ತಾಯಿ ನಿಂತಿದ್ದಳು. ಹತ್ತಿರದ ಹಳ್ಳಿಯ ಶಾಲೆಯ ಅಕ್ಕೋರು, ಮಕ್ಕಳಿಗೆ ಪಾಠ ಹೇಳುವವಳು. ಮಗಳನ್ನು ಕರೆದುಕೊಂಡು ಬಂದಿದ್ದಳು, ಹತ್ತು ವರ್ಷದ್ದು. ಬೆಳಿಗ್ಗೆ ಇಬ್ಬರೂ ಮಠಕ್ಕೆ ಬಂದು ನಮಸ್ಕಾರ ಮಾಡಿದಾಗ ಹೇಳಿದ್ದಳು, "ಹದಿನೆಂಟು ವರ್ಷ ಮಂದಿ ಮಕ್ಕಳಿಗೆ ಓಡ್ರಿ, ಜಿಗೀರಿ ಅಂದೇನ್ರಿ ಅಜ್ಜಾರ. ನಾ ಒಂದ್ಸಲನೂ ಓಡಿಲ್ಲ. ಇದೊಂದು ಮುಗಿಸಿದ್ರ ಸಾಕ್ರಿ." ಎರಡು ವರ್ಷದಿಂದ ಭಾನುವಾರಕ್ಕೊಮ್ಮೆ ಇದೇ ಹಿನ್ನೀರಿನಲ್ಲಿ, ಇದೇ ಹುಲಿಗೆಪ್ಪನ ಹರಿಗೋಲಿನ ಪಕ್ಕ ಈಜಿ ಕಲಿತವಳು. ಅವಳು ಮೇಜಿನ ಹತ್ತಿರ ಬಂದು, ನಾಚಿಕೆ ಇಲ್ಲ ಏನಿಲ್ಲ, "ನಂಗ ಹಳದಿ ಕೊಡವ್ವ. ನಡುವ ಒಂದೆರಡು ಸಲ ಹಿಡ್ಕೊಳ್ಳೋಕಿ ನಾನು" ಎಂದಳು.

ಹಿಡಿದುಕೊಳ್ಳುವುದು ಎಂದರೆ ಏನು? ಇದನ್ನು ಸರಿಯಾಗಿ ಕೇಳಿ, ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಪಂದ್ಯಕ್ಕೆ ಮುಂಚೆ ಒಬ್ಬ ಯುವಕ ಮೈಕ್ ಹಿಡಿದು ನಿಯಮ ಹೇಳಿದ. "ದಣಿವಾದರೆ ಕೈ ಎತ್ತಿ. ಹರಿಗೋಲು ಬರುತ್ತದೆ. ಅದರ ಅಂಚು ಹಿಡಿದು ಎಷ್ಟು ಹೊತ್ತು ಬೇಕಾದರೂ ಉಸಿರು ತೆಗೆದುಕೊಳ್ಳಿ, ಆಮೇಲೆ ಮತ್ತೆ ಈಜಿ. ಹಿಡಿದುಕೊಂಡ ಮಾತ್ರಕ್ಕೆ ಯಾರೂ ಔಟ್ ಅಲ್ಲ. ಹರಿಗೋಲು ನಿಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗಬಾರದು, ಅಷ್ಟೇ." ಎರಡು ಸಲ ಹೇಳಿದ. ನನ್ನಂಥ ಮುದುಕನಿಗೂ ಅರ್ಥವಾಯಿತು. ಸಾಹುಕಾರ ಆಗ ಎಲ್ಲಿದ್ದ? ಅತ್ತ ನಿಂತು ಫೋನಿನಲ್ಲಿ ಗಿರಣಿಯ ಮ್ಯಾನೇಜರನಿಗೆ ಬೈಯುತ್ತಿದ್ದ. ನಿಯಮ ಅವನ ಕಿವಿಗೆ ಬೀಳಲೇ ಇಲ್ಲ. ಹೋದ ವರ್ಷ ಹರಿಗೋಲು ಮುಟ್ಟಿದೆ, ಔಟಾದೆ. ಅದಕ್ಕೆ ಈ ವರ್ಷ ಮುಟ್ಟಬಾರದು. ಅವನ ತಲೆಯಲ್ಲಿದ್ದ ನಿಯಮ ಇದೊಂದೇ.

ನಾನು ಬಾವುಟ ಬೀಸಿದೆ. ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದರು. ಸಂತೆ ದಿನ ಬಸ್ಸು ಹತ್ತುವಾಗಿನ ನೂಕುನುಗ್ಗಲೇ. ಒಬ್ಬನ ಕಾಲು ಇನ್ನೊಬ್ಬನ ಮುಖಕ್ಕೆ. ಎದುರುಗಾಳಿ ಬೇರೆ ಎದ್ದಿತ್ತು, ಸಣ್ಣ ಸಣ್ಣ ಅಲೆಗಳು ಬಾಯಿಗೇ ಬಂದು ಬಡಿಯುತ್ತಿದ್ದವು. ಸಾಹುಕಾರ ಮೊದಲ ಬಲೂನಿನ ತನಕ ಹೋದ. ಹೋದ ವರ್ಷಕ್ಕಿಂತ ಮುಂದೆ ಹೋಗಿದ್ದ, ಅದು ಸುಳ್ಳಲ್ಲ. ಆದರೆ ಉಸಿರು ಒಂದಕ್ಕೆರಡಾಗಿತ್ತು. ಭುಜ ಕಲ್ಲಾಗಿತ್ತು. ಹುಲಿಗೆಪ್ಪ ಹತ್ತು ಮಾರು ದೂರದಲ್ಲಿ ಹುಟ್ಟು ಹಾಕುತ್ತಿದ್ದವನು ಅವನನ್ನು ನೋಡಿದ. ನೀಲಿ ಟೋಪಿ. ಆದರೂ ಕೂಗಿದ, "ಸಾವ್ಕಾರ್ರ, ಆರಾಮ ಅದೀರಿ?"

ಸಾಹುಕಾರ ಏನೆಂದ? "ಆರಾಮ!"

ಇನ್ನೊಂದಿಷ್ಟು ದೂರ. ಎರಡು ಗುಟುಕು ನೀರು ಒಳಗೆ ಹೋಗಿದೆ. ಕಾಲು ಕೆಳಕ್ಕೆ ಎಳೆಯುತ್ತಿದೆ. ಹುಲಿಗೆಪ್ಪ ಮತ್ತೆ ಕೇಳಿದ, "ಆರಾಮ ಅದೀರಿ ಹೌದಿಲ್ರಿ?" "ಆರಾಮ, ನೀ ನಡಿ!"

ಮೂರನೆಯ ಸಲ ಕೇಳಿದಾಗ ದನಿ ಹೊರಡಲಿಲ್ಲ. ದನಿ ಹೊರಡದವನು ಏನು ಮಾಡಬೇಕು? ಕೈ ಎತ್ತಬೇಕು. ಅವನು ಎತ್ತಿದ್ದೇನು? ಹೆಬ್ಬೆರಳು. ಎಲ್ಲ ಸರಿಯಿದೆ ಎನ್ನುವ ಹೆಬ್ಬೆರಳು. ನೀರಿನ ಮೇಲೆ ಆ ಬೆರಳೊಂದು ಕಾಣಿಸಿತು, ಹುಲಿಗೆಪ್ಪ ನಂಬಿದ. ಅತ್ತ ದೂರದಲ್ಲಿ ಬೇರೆ ಯಾರದೋ ಹಳದಿ ಟೋಪಿ ಕೈ ಎತ್ತಿತ್ತು. ಅವನು ಹರಿಗೋಲು ತಿರುಗಿಸಿಕೊಂಡು ಅಲ್ಲಿಗೆ ಹೋದ. ಅವನ ತಪ್ಪೇನಿದೆ? ಮೂರು ಸಲ ಕೇಳಿದ್ದಾನೆ, ಮೂರು ಸಲವೂ ಆರಾಮ ಎಂಬ ಉತ್ತರ ಬಂದಿದೆ.

ಹರಿಗೋಲು ದೂರವಾಯಿತು. ಸಾಹುಕಾರ ಮುಳುಗತೊಡಗಿದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಅವನ ಕೈಗೆ ಹುಲ್ಲುಕಡ್ಡಿ ಸಿಗಲಿಲ್ಲ. ಸಿಕ್ಕಿದ್ದು ಒಂದು ಹೆಗಲು.

ಆ ಅಕ್ಕೋರು ನಿಧಾನಕ್ಕೆ, ತನ್ನ ಪಾಡಿಗೆ ತಾನು ಪಕ್ಕದಲ್ಲಿ ಹೋಗುತ್ತಿದ್ದಳು. ಸಾಹುಕಾರ ಅವಳ ಹೆಗಲು ಹಿಡಿದ. ಹಿಡಿದು ಕೆಳಗೊತ್ತಿ, ತಾನು ಮೇಲೆ ಬಂದು ಉಸಿರೆಳೆದ. ಬೇಕೆಂದು ಮಾಡಿದನೇ? ಇಲ್ಲ. ಅವನಿಗೆ ಆಗ ಅದು ಮನುಷ್ಯರ ಹೆಗಲು ಎಂಬುದೂ ಗೊತ್ತಿರಲಿಲ್ಲವಂತೆ. "ಗ್ವಾಡಿ ಸಿಕ್ಕಂಗಾತ್ರಿ ಅಜ್ಜಾರ" ಎಂದ ನನ್ನ ಮುಂದೆ. ಅವಳು ಮೇಲೆ ಬರಲು ಒದ್ದಾಡಿದಳು, ಅವನು ಮತ್ತೆ ಒತ್ತಿದ. ದಡದಲ್ಲಿ ನಿಂತ ನನಗೆ ಕಂಡದ್ದು ಇಷ್ಟೇ. ಒಂದು ನೀಲಿ ಟೋಪಿ, ಒಂದು ಹಳದಿ ಟೋಪಿ. ಆಮೇಲೆ ನೀಲಿ ಮಾತ್ರ.

ಹುಲಿಗೆಪ್ಪ ಹೇಗೆ ಬಂದನೋ ಆ ಶಿವನಿಗೇ ಗೊತ್ತು. ದುಂಡು ಬುಟ್ಟಿಯನ್ನು ಅಷ್ಟು ಬೇಗ ಹಾಯಿಸಿದವರನ್ನು ನಾನು ಕಂಡಿಲ್ಲ. ಒಂದು ಕೈಯಲ್ಲಿ ಸಾಹುಕಾರನ ಕೈ ಕಿತ್ತು ಹರಿಗೋಲಿನ ಅಂಚಿಗೆ ಹಾಕಿದ, ಇನ್ನೊಂದು ಕೈಯಲ್ಲಿ ಅಕ್ಕೋರನ್ನು ಮೇಲೆತ್ತಿದ. ಬದುಕಿದ್ದಳು. ಕೆಮ್ಮುತ್ತಿದ್ದಳು, ವಾಂತಿ ಮಾಡಿಕೊಳ್ಳುತ್ತಿದ್ದಳು, ತುಟಿ ನೀಲಿಗಟ್ಟಿತ್ತು. ಆದರೆ ಬದುಕಿದ್ದಳು.

ಸಾಹುಕಾರ ಅಂಚು ಹಿಡಿದು ಜೋತುಬಿದ್ದಿದ್ದ. ಉಸಿರು ಬಂದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? ಅವನೇ ನನಗೆ ಅತ್ತು ಹೇಳಿದ್ದು. "ಮುಟ್ಟಿಬಿಟ್ನಲ್ಲೋ ಹುಲಿಗ್ಯಾ, ಔಟ್ ಆತಲ್ಲ." ಹುಲಿಗೆಪ್ಪ ಅಕ್ಕೋರ ಬೆನ್ನು ತಟ್ಟುತ್ತಿದ್ದವನು ತಲೆ ಎತ್ತಿ ನೋಡಿದ. "ಯಾರು ಹೇಳಿದ್ರಿ ಸಾವ್ಕಾರ್ರ? ಹಿಡ್ಕೊಂಡ್ರ ಔಟ್ ಇಲ್ರಿ. ಮುಂಜಾನೆ ಮೈಕಿನ್ಯಾಗ ಎರಡು ಸಲ ಹೇಳಿದ್ರಲ್ರಿ. ಆವಾಗನ ಹಿಡ್ಕೊಂಡಿದ್ರ ಏನೂ ಆಗ್ತಿರ್ಲಿಲ್ಲ."

ಕೇಳಿದಿರಾ? ಏನೂ ಆಗುತ್ತಿರಲಿಲ್ಲ. ಯಾವ ಸೋಲಿಗೆ ಹೆದರಿ ಆ ಮನುಷ್ಯ ಒಂದು ಜೀವವನ್ನು ನೀರೊಳಗೆ ಒತ್ತಿದನೋ, ಆ ಸೋಲು ಅಲ್ಲಿ ಇರಲೇ ಇಲ್ಲ. ನಿಯಮದ ಪ್ರಕಾರ ಅವನು ಆಗಲೂ ಮುಂದೆ ಈಜಬಹುದಿತ್ತಂತೆ. ಅವನು ಈಜಲಿಲ್ಲ. ಅಕ್ಕೋರನ್ನು ಹೊತ್ತ ಹರಿಗೋಲಿನ ಅಂಚು ಹಿಡಿದೇ ದಡಕ್ಕೆ ಬಂದ.

ದಡದಲ್ಲಿ ಆ ಮಗು ನಿಂತಿತ್ತು. ತಾಯಿ ನೀರಿನಿಂದ ಎದ್ದು ಸೈಕಲ್ ಕಡೆಗೆ ಓಡುವಾಗ ಮುಳ್ಳು ಚುಚ್ಚಬಾರದು ಎಂದು ಅವಳ ಚಪ್ಪಲಿಗಳನ್ನು ಎದೆಗವಚಿಕೊಂಡು ಕಾಯುತ್ತಿತ್ತು. ತಾಯಿಯನ್ನು ನಾಲ್ಕು ಜನ ಹೊತ್ತು ಆಂಬ್ಯುಲೆನ್ಸಿಗೆ ಹಾಕಿದರು. ಮಗುವಿಗೆ ಏನೂ ತಿಳಿಯಲಿಲ್ಲ. ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದ್ದ ಸಾಹುಕಾರನನ್ನು ಕೇಳಿತು, "ಕಾಕಾ, ನಮ್ಮವ್ವ ಚೊಲೊ ಈಸ್ತಾಳ. ಆಕಿಗೆ ಏನಾತ್ರಿ?" ಸಾಹುಕಾರ ಬಾಯಿ ತೆರೆದ. ಸೈಕಲ್ ಪಂಕ್ಚರ್ ಎಂದವನ ಬಾಯಿ ಅದು. ಅವತ್ತು ಸುಳ್ಳು ಬರಲಿಲ್ಲ. "ನಾ ಮುಳುಗಿಸಿದೆನವ್ವಾ" ಎಂದ. ಮಗು ಚಪ್ಪಲಿ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಹದಿನಾರು ವರ್ಷದಿಂದ ಈ ಪೀಠದಲ್ಲಿ ಕುಳಿತು ಪಾಪ, ಪಾಪ ಎಂದು ಹೇಳುತ್ತಿದ್ದೇನೆ. ಪಾಪ ಎಂದರೆ ಏನೆಂದು ನನಗೆ ತಿಳಿದದ್ದು ಆ ಎರಡು ಹೆಜ್ಜೆಯಲ್ಲಿ.

ಅಕ್ಕೋರು ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಸಾಹುಕಾರ ಹೋಗಿ ಕಾಲಿಗೆ ಬಿದ್ದ. ಆಕೆ ದೊಡ್ಡ ಮನಸ್ಸಿನವಳು, ಚಹಾ ಕೊಟ್ಟು, "ಬೇಕಂತ ಮಾಡಿಲ್ಲಲ್ರಿ, ಬಿಡ್ರಿ" ಎಂದಳು. ಮೂರನೆಯ ವರ್ಷ ಸಾಹುಕಾರ ಯಾರೂ ಕೇಳುವ ಮೊದಲೇ ಹಳದಿ ಟೋಪಿ ತೆಗೆದುಕೊಂಡ. ಹುಲಿಗೆಪ್ಪನ ಹರಿಗೋಲನ್ನು ಐದು ಸಲ ಹಿಡಿದ. ಎಲ್ಲರಿಗಿಂತ ಕೊನೆಗೆ ದಡಕ್ಕೆ ಬಂದ. ಅಷ್ಟರಲ್ಲಿ ಈಜಿನ ಹೊತ್ತು ಮೀರಿತ್ತು, ಸೈಕಲ್ ತುಳಿಯಲು ಬಿಡಲಿಲ್ಲ. ಪದಕವೂ ಇಲ್ಲ, ಫೋಟೋವೂ ಇಲ್ಲ. ಆದರೂ ಏಳುನೂರ ಐವತ್ತು ಮೀಟರ್ ಈಜಿದ್ದ. ಯಾರೋ "ಆರಾಮೇನ್ರಿ?" ಎಂದಾಗ, "ಇಲ್ರಪ್ಪ, ಭಾಳ ದಣದೀನಿ" ಎಂದು ಮಣ್ಣಲ್ಲೇ ಕಾಲು ಚಾಚಿ ಕುಳಿತ.

ಇಲ್ಲಿಗೆ ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ. ನೀವೂ ಸಮಾಧಾನವಾಗಿ ಮನೆಗೆ ಹೋಗುತ್ತೀರಿ. ಆದರೆ ಆ ತಾಯಿ ಮತ್ತೆ ನೀರಿಗೆ ಇಳಿದಿಲ್ಲ. ಮೂರನೆಯ ವರ್ಷ ಬಂದಿದ್ದಳು, ದಡದಲ್ಲಿ ನಿಂತು ನೋಡಿ ಹೋದಳು. "ಮುಖಕ್ಕ ನೀರು ತಗೊಂಡ್ರ ಸಾಕ್ರಿ ಅಜ್ಜಾರ, ಹೆಗಲ ಮ್ಯಾಲೆ ಕೈ ಬಂದಂಗ ಆಕೈತಿ" ಎಂದಳು. ಕ್ಷಮೆ ಕೊಟ್ಟಿದ್ದಾಳೆ. ಕ್ಷಮೆ ಕೊಟ್ಟವಳಿಗೆ ಧೈರ್ಯವನ್ನು ವಾಪಸ್ಸು ಕೊಡುವವರು ಯಾರು?

ಈಗ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯಿರಿ.

ದಿನವಿಡೀ ಅಂಗಡಿಯಲ್ಲಿ ನಿಂತು ಬರುತ್ತೀರಿ. ಹೆಂಡತಿ ಮುಖ ನೋಡಿ, "ಯಾಕ್ರಿ, ಆರಾಮಿಲ್ಲೇನು?" ಎನ್ನುತ್ತಾಳೆ. ಅವಳೇ ಹುಲಿಗೆಪ್ಪ. ಹತ್ತು ಮಾರು ದೂರದಲ್ಲಿ ಹುಟ್ಟು ಹಿಡಿದು ನಿಂತು ಕೇಳುತ್ತಿದ್ದಾಳೆ. ನೀವು ಏನೆನ್ನುತ್ತೀರಿ? "ಆರಾಮ." ಸರಿ, ಅವಳು ಒಲೆಯ ಕಡೆ ಹೋಗುತ್ತಾಳೆ. ಹತ್ತು ನಿಮಿಷ ಕಳೆಯುವುದಿಲ್ಲ, ಮಗ ಪುಸ್ತಕ ಬೀಳಿಸಿದ ಎಂದು ಅವನ ಬೆನ್ನ ಮೇಲೆ ನಿಮ್ಮ ಕೈ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಗುತ್ತೀರಲ್ಲ, ಆ ಬರೆ ಹಾಕಿದವರು ಯಾರು? ಅಮ್ಮಂದಿರೇ, ನೀವು ನಗಬೇಡಿ. ಸೊಂಟ ನೋಯುತ್ತಿದ್ದರೂ ಬೆಳಿಗ್ಗೆಯಿಂದ "ನಂದೇನೈತಿ, ನಾ ಆರಾಮ" ಎನ್ನುವವರು ನೀವು. ಸಂಜೆ ಸೊಸೆಯ ಸಾರಿನಲ್ಲಿ ಉಪ್ಪು ಹುಡುಕುವವರೂ ನೀವೇ. ದಣಿವನ್ನು ಮುಚ್ಚಿಟ್ಟವರು ಒಬ್ಬರೇ ಮುಳುಗಿದ್ದನ್ನು ನಾನು ನೋಡಿಲ್ಲ. ಪಕ್ಕದಲ್ಲಿ ಯಾರು ಮೆಲ್ಲಗೆ ತಮ್ಮ ಪಾಡಿಗೆ ತಾವು ಈಜುತ್ತಿರುತ್ತಾರೋ, ಅವರ ಹೆಗಲೇ ಕೈಗೆ ಸಿಗುತ್ತದೆ.

ನಿಮಗಷ್ಟೇ ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಹೋದ ಸೋಮವಾರ ನನಗೆ ಜ್ವರವಿತ್ತು. ನಮ್ಮ ಮಠದ ಅಡುಗೆಯ ನೀಲವ್ವ, ಅಲ್ಲಿ ಹಿಂದೆ ಕುಳಿತಿದ್ದಾಳೆ, "ಅಜ್ಜಾರ, ಗಂಜಿ ಮಾಡ್ಲ್ಯಾ?" ಎಂದು ಕೇಳಿದಳು. "ಆರಾಮ ಅದೀನಿ, ರೊಟ್ಟೀನ ಹಾಕು" ಎಂದೆ. ಹಾಕಿದಳು. ತುತ್ತು ಬಾಯಿಗಿಟ್ಟು, ತಂಗಳು ರೊಟ್ಟಿ ಕೊಟ್ಟೆಯಾ ಎಂದು ಎಲ್ಲರ ಮುಂದೆ ಬೈದೆ. ಅದು ಆಗಷ್ಟೇ ಹೆಂಚಿನಿಂದ ಇಳಿದ ರೊಟ್ಟಿ. ರುಚಿ ಕೆಟ್ಟದ್ದು ನನ್ನ ನಾಲಿಗೆಗೆ. ಅವಳು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ನೀಲವ್ವ, ತಪ್ಪಾಯಿತು ತಾಯಿ. ನಾಲ್ಕು ಜನರ ಮುಂದೆ ಬೈದವನು ನಾಲ್ಕು ನೂರು ಜನರ ಮುಂದೆ ಕೇಳುತ್ತಿದ್ದೇನೆ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ದೊ‌ಡ್ಡದೇನೂ ಬೇಡ. ನನಗೂ ದೊಡ್ಡದು ಹೇಳುವ ಶಕ್ತಿ ಇವತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಆರಾಮೇನ್ರಿ" ಎಂದಾಗ ನಿಲ್ಲಿಸಿ ಕಷ್ಟ ಹೇಳಿ ಎನ್ನುತ್ತಿಲ್ಲ, ಅವರ ಬಸ್ಸು ತಪ್ಪೀತು. ಮನೆಯವರು ಕೇಳಿದಾಗ, ಮುಖ ನೋಡಿ ಕೇಳಿದಾಗ, ನಿಜ ಹೇಳಿ. ಚಪ್ಪಲಿ ಬಿಡುವ ಮೊದಲೇ ಹೇಳಿ, "ಇವತ್ತು ದಣದೀನಿ, ಸ್ವಲ್ಪ ಹೊತ್ತು ನನ್ನ ಬಿಡ್ರಿ" ಎಂದು. ಅದೇ ನಿಮ್ಮ ಹಳದಿ ಟೋಪಿ. ಹಾಕಿಕೊಂಡರೆ ಯಾರೂ ಔಟ್ ಮಾಡುವುದಿಲ್ಲ.

ಮತ್ತೆ, ಹಾಗೆ ಹೇಳಿಸಿಕೊಂಡವರಿಗೂ ಒಂದು ಕೆಲಸವಿದೆ. ಹುಲಿಗೆಪ್ಪ ಏನು ಮಾಡುತ್ತಾನೆ, ಗೊತ್ತೇ? ಯಾರಾದರೂ ಅಂಚು ಹಿಡಿದರೆ ಅವನು ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾನೆ. ಎಳೆಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ನೀನು ಹೀಗೆ ಈಜಬಾರದಿತ್ತು ಎನ್ನುವುದಿಲ್ಲ. ಸುಮ್ಮನೆ ನಿಂತಿರುತ್ತಾನೆ. ನಿಮ್ಮ ಗಂಡ ದಣಿದೆ ಎಂದರೆ ನಿನಗಿಂತ ನಾನು ಹೆಚ್ಚು ದಣಿದೆ ಎನ್ನಬೇಡಿ. ಮಗಳು ಆರಾಮಿಲ್ಲ ಎಂದರೆ ಮೊಬೈಲ್ ನೋಡಿದ್ದಕ್ಕೆ ಹಾಗಾಯಿತು ಎನ್ನಬೇಡಿ. ಅವರ ಉಸಿರು ಹಿಂದಿರುಗುವ ತನಕ ಪಕ್ಕದಲ್ಲಿ ಕುಳಿತಿರಿ, ಸಾಕು.

ಗಂಟು ಹಾಕಿ ಇಟ್ಟುಕೊಂಡ ಮಾತನ್ನು ಈಗ ಬಿಚ್ಚಿ. ಸಂಜೆ ನನಗೆ ಕೈ ಚಾಚಿದವರು ಯಾರು? ಎದ್ದು ಬನ್ನಪ್ಪ. ಆಗ ಆರಾಮ ಎಂದದ್ದು ಸುಳ್ಳು. ನನಗೆ ಆರಾಮಿಲ್ಲ, ಈ ನಾಲ್ಕು ಮೆಟ್ಟಿಲು ಇಳಿಯುವುದು ಕಷ್ಟವಿದೆ. ಎತ್ತಬೇಡ, ಎಳೆಯಲೂ ಬೇಡ. ಕೈ ಕೊಟ್ಟು ಪಕ್ಕದಲ್ಲಿ ನಿಲ್ಲು, ನಾನೇ ಇಳಿಯುತ್ತೇನೆ.